ಅಳತೆಗೋಲು ಬದಲಾದರೆ ಇಂಧನವೂ ಬದಲಾಗುತ್ತದೆ

ಮೋಟಾರು ಪಂದ್ಯವೆಂದರೆ ಶ್ರೀಮಂತರ ಶೋಕಿ ಎಂಬ ಭಾವನೆ ನಮ್ಮ ವರ್ತಕ ಬಾಂಧವರಲ್ಲಿ ಸಾಮಾನ್ಯ. ಗೆಲುವಿನ ಕೀರ್ತಿ ಚಾಲಕನಿಗೂ ಎಂಜಿನ್ನಿಗೂ ಸಲ್ಲುತ್ತದೆ. ಟ್ಯಾಂಕಿನೊಳಗಿನ ಇಂಧನವನ್ನು ಯಾರೂ ನೆನೆಯುವುದಿಲ್ಲ. ಆದರೆ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಇಂಧನವು ಬೆಳೆದು ಬಂದ ಬಗೆಯಲ್ಲಿ ಸಣ್ಣ ಉದ್ಯಮಿಗಳಾದ ನಮಗೆ ಒಂದು ಪಾಠವಿದೆ ಎಂಬುದು ನನ್ನ ಅಭಿಪ್ರಾಯ.

1988ರಲ್ಲಿ ಟರ್ಬೊ ಕಾರುಗಳು ಒಂದು ಪಂದ್ಯಕ್ಕೆ 150 ಲೀಟರಿಗಿಂತ ಹೆಚ್ಚು ಇಂಧನ ಬಳಸುವಂತಿರಲಿಲ್ಲ. ಇಂಧನದ ಆಕ್ಟೇನ್ ಸಂಖ್ಯೆ 102ನ್ನು ಮೀರುವಂತಿರಲಿಲ್ಲ. ಮಿತಿಯನ್ನು ಲೀಟರಿನಲ್ಲಿ ಗೊತ್ತುಪಡಿಸಿದ್ದರಿಂದ, ಒಂದು ಲೀಟರಿನಲ್ಲಿ ಹೆಚ್ಚು ಶಕ್ತಿ ಅಡಕವಾಗಿರುವ ದ್ರವವೇ ಬೇಕಾಯಿತು. ಹೋಂಡಾ ಸಂಸ್ಥೆ ಆಯ್ದುಕೊಂಡದ್ದು ನಮ್ಮ ಬಣ್ಣದ ವ್ಯಾಪಾರಿಗಳಿಗೆ ಥಿನ್ನರ್ ಮೂಲಕ ಚಿರಪರಿಚಿತವಾದ ಟೊಲುಯಿನ್! ಅದು ಪೆಟ್ರೋಲಿಗಿಂತ ಸಾಂದ್ರವಾದುದು. ಹೆಚ್ಚಿನ ಒತ್ತಡದಲ್ಲಿಯೂ ಎಂಜಿನ್ ನಾಕ್ ಹೊಡೆಯದಂತೆ ತಡೆಯುತ್ತದೆ. ಶೇ. 84ರಷ್ಟು ಟೊಲುಯಿನ್‌ಗೆ ಶೇ. 16ರಷ್ಟು ನಾರ್ಮಲ್ ಹೆಪ್ಟೇನ್ ಬೆರೆಸಿ ಆಕ್ಟೇನನ್ನು ನಿಯಮದೊಳಕ್ಕೆ ಇಳಿಸಲಾಯಿತು. ಟೊಲುಯಿನ್ ಸುಲಭವಾಗಿ ಆವಿಯಾಗದ ಕಾರಣ ಇಂಧನವನ್ನು ಮೊದಲೇ ಬಿಸಿ ಮಾಡುವ ವ್ಯವಸ್ಥೆಯನ್ನೂ ಎಂಜಿನ್ನಿಗೆ ಅಳವಡಿಸಲಾಯಿತು. ಆ ವರ್ಷದ 16 ಪಂದ್ಯಗಳಲ್ಲಿ 15ನ್ನು ಮೆಕ್ಲಾರೆನ್-ಹೋಂಡಾ ಗೆದ್ದಿತು. ಇಂಧನವೊಂದೇ ಇದಕ್ಕೆ ಕಾರಣವಲ್ಲ. ಇಂಧನವನ್ನೂ ಎಂಜಿನ್ನನ್ನೂ ಒಟ್ಟಿಗೆ ರೂಪಿಸಿದ್ದು ಮುಖ್ಯ ಕಾರಣಗಳಲ್ಲೊಂದು.

2014ರಲ್ಲಿ ಅಳತೆಗೋಲು ಬದಲಾಯಿತು. ಪಂದ್ಯವೊಂದಕ್ಕೆ 100 ಕಿಲೋಗ್ರಾಂ, ಗಂಟೆಗೆ 100 ಕಿಲೋಗ್ರಾಂ ಹರಿವು ಎಂದು ತೂಕದ ಮಿತಿ ಬಂದಿತು. ಭಾರವಾದ ದ್ರವಕ್ಕಿದ್ದ ಲಾಭ ಹೋಯಿತು. ಪ್ರತಿ ಕಿಲೋಗ್ರಾಂನಿಂದ ಹೆಚ್ಚು ಕೆಲಸ ತೆಗೆಯುವುದೇ ಗುರಿಯಾಯಿತು. ಪರೀಕ್ಷಾ ಪೀಠದ ಮೇಲೆ ಶೇ. 50ಕ್ಕೂ ಮಿಗಿಲಾದ ಉಷ್ಣ ದಕ್ಷತೆ ಸಾಧಿಸಿದ್ದಾಗಿ ಮರ್ಸಿಡಿಸ್ 2017ರಲ್ಲಿ ಪ್ರಕಟಿಸಿತು. 2026ರ ನಿಯಮಗಳು ತೂಕವನ್ನೂ ಬಿಟ್ಟು, ಹರಿವನ್ನು ಶಕ್ತಿಯ ಲೆಕ್ಕದಲ್ಲಿ ಅಳೆಯುತ್ತವೆ. ಇಂಧನವು ಸುಸ್ಥಿರ ಮೂಲದ್ದಾಗಿರಬೇಕೆಂದೂ ವಿಧಿಸುತ್ತವೆ.

ನಮ್ಮ ದೇಶದಲ್ಲಿಯೂ ಇಂಥ ಬದಲಾವಣೆ ನಡೆದಿದೆ. ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು 2030ರಿಂದ 2025ಕ್ಕೆ ಮುಂದಕ್ಕೆ ತರಲಾಯಿತು. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಶಕ್ತಿ ಕಡಿಮೆ, ಆಕ್ಟೇನ್ ಹೆಚ್ಚು. ಆ ಆಕ್ಟೇನಿನ ಪ್ರಯೋಜನ ದೊರೆಯಬೇಕಾದರೆ ಎಂಜಿನ್ನಿನ ಸಂಪೀಡನ ಅನುಪಾತ ಹೆಚ್ಚಬೇಕು. ಎಥನಾಲ್ ತಾಳಿಕೊಳ್ಳುವಂಥ ರಬ್ಬರ್ ಕೊಳವೆ, ವಾಷರ್, ಪಂಪಿನ ಭಾಗಗಳೂ ಬೇಕು. ಇವುಗಳನ್ನು ತಯಾರಿಸುವವರಲ್ಲಿ ಸಣ್ಣ ಘಟಕಗಳೂ ಅನೇಕ. ಮಾನದಂಡ ಬದಲಾದ ಸಂಗತಿಯನ್ನು ಮಾಲು ತಿರಸ್ಕೃತವಾಗಿ ಹಿಂದಿರುಗಿದ ಮೇಲೆ ತಿಳಿಯುವ ಘಟಕಕ್ಕೆ ಉಳಿಗಾಲವಿಲ್ಲ.

ಆದ್ದರಿಂದ ಕರಡು ಮಾನದಂಡಗಳು ಸಾರ್ವಜನಿಕ ಅಭಿಪ್ರಾಯಕ್ಕೆ ಬಂದಾಗಲೇ ಅವನ್ನು ಓದಿ, ಕನ್ನಡದಲ್ಲಿ ಸದಸ್ಯರಿಗೆ ತಿಳಿಸಿ, ನಮ್ಮ ಆಕ್ಷೇಪಗಳನ್ನು ಸಕಾಲದಲ್ಲಿ ಸಲ್ಲಿಸುವ ಸಮಿತಿಯೊಂದನ್ನು ಸಂಸ್ಥೆಯು ರಚಿಸಬೇಕು. ಸದಸ್ಯರೂ ಕಚ್ಚಾ ಸಾಮಗ್ರಿ ಪೂರೈಸುವವರೊಡನೆ ದರದ ಮಾತಷ್ಟನ್ನೇ ಆಡದೆ, ಮುಂದೆ ಬರಲಿರುವ ಬದಲಾವಣೆಗಳ ಬಗೆಗೂ ವಿಚಾರಿಸುವ ಪರಿಪಾಠ ಬೆಳೆಸಿಕೊಳ್ಳುವುದು ಒಳಿತು.