ಹತ್ತನೇ ಕ್ಲಾಸಿನವರು ಅಂಗಳಕ್ಕೆ ಬರಕೂಡದು

ನಮ್ಮ ಕಡೆಯ ಹೈಸ್ಕೂಲುಗಳಲ್ಲಿ ಎಲ್ಲೂ ಬರೆದಿಡದ ಒಂದು ಕಾನೂನಿದೆ. ಹತ್ತನೇ ಕ್ಲಾಸಿನ ಮಕ್ಕಳು ಆಟಕ್ಕೆ ಬರಕೂಡದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆ ನಾನು ಕಂಡ ಶಾಲೆಗಳಲ್ಲಿ ಜೂನ್ ಬಂತೆಂದರೆ ಈ ಕಾನೂನು ತಾನಾಗಿ ಜಾರಿಯಾಗುತ್ತದೆ. ಇದನ್ನು ಸರ್ಕಾರ ಮಾಡಿದ್ದಲ್ಲ. ಹೆಡ್‌ಮಾಸ್ತರು, ಪಾಲಕರು, ನನ್ನಂಥ ಪಿ.ಟಿ. ಮೇಷ್ಟ್ರುಗಳು ಸೇರಿ ಮಾಡಿದ್ದು. ಆದ್ದರಿಂದ ಇಲ್ಲಿ ನಾನು ಬಯ್ಯುವುದರಲ್ಲಿ ನನ್ನ ಪಾಲೂ ಇದೆ.

1996ರಲ್ಲಿ ನಾನಿದ್ದ ಶಾಲೆಯಲ್ಲಿ ಮೊದಲ ಸಲ ಹುಡುಗಿಯರ ಖೋ-ಖೋ ತಂಡ ಕಟ್ಟಿದೆ. ಕೊಟ್ಟೂರು ಆಗಿನ್ನೂ ಕೂಡ್ಲಿಗಿ ತಾಲೂಕಿನೊಳಗೇ ಇತ್ತು. ನಮ್ಮದು ಅದರಾಚೆಯ ಒಂದು ಹಳ್ಳಿ. ಖೋ-ಖೋ ಯಾಕೆಂದರೆ ನಮ್ಮ ಹತ್ತಿರ ಬೇರೇನೂ ಇರಲಿಲ್ಲ. ವಾಲಿಬಾಲಿಗೆ ನೆಟ್ಟು ಬೇಕು, ಚೆಂಡು ಬೇಕು. ಇದಕ್ಕೆ ಎರಡು ಕಂಬ, ಒಂದಿಷ್ಟು ಸುಣ್ಣ ಸಾಕು. ಊರ ಬಡಗಿ ಜಾಲಿಮರದಲ್ಲಿ ಕಂಬ ಕೆತ್ತಿಕೊಟ್ಟ. ಅಂಗಳದ ಕಲ್ಲು ಆರಿಸಲು ಮಕ್ಕಳಿಗೆ ಎರಡು ವಾರ ಹಿಡಿಯಿತು.

ಒಬ್ಬ ಹುಡುಗಿಯ ತಂದೆ ಶಾಲೆಯ ತನಕ ಬಂದು ಕೇಳಿದ: "ಮೇಷ್ಟ್ರೆ, ಹೆಣ್ಣುಡುಗಿ ಚಡ್ಡಿ ಹಾಕ್ಕೊಂಡು ಓಡಿದ್ರ ಊರು ಏನಂತದ?" ಚೂಡಿದಾರದಾಗೇ ಓಡ್ತಾಳ ಬಿಡ್ರಿ ಅಂದೆ. ಅವನು ಒಪ್ಪಿದ. ಹನ್ನೆರಡು ಜನರ ತಂಡವಾಯಿತು. ಅದರಲ್ಲಿ ಏಳು ಮಂದಿ ಎಂಟನೇ ಕ್ಲಾಸಿನವರು.

ಆ ವರ್ಷ ಕೂಡ್ಲಿಗಿಯಲ್ಲಿ ತಾಲೂಕು ಮಟ್ಟದ ಪಂದ್ಯ. ಮೊದಲ ಆಟದಲ್ಲೇ ಸೋತೆವು. ಸೋಲಿಗೆ ಕಾರಣ ಓಟವಲ್ಲ. ಓಟದಲ್ಲಿ ನಮ್ಮ ಹುಡುಗಿಯರು ಯಾರಿಗೂ ಕಡಿಮೆ ಇರಲಿಲ್ಲ. ಖೋ-ಖೋ ಗೊತ್ತಿದ್ದವರಿಗೆ ತಿಳಿದದ್ದೇ: ಬೆನ್ನಟ್ಟುವ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಚೌಕಗಳಲ್ಲಿ ಕೂತಿರಬೇಕು, ಒಬ್ಬರ ಮುಖ ಈ ಕಡೆಯಾದರೆ ಪಕ್ಕದವರದು ಆ ಕಡೆ. ಬೆನ್ನಟ್ಟುವವಳು ಹಿಂದಿನಿಂದ ಬಂದು ಬೆನ್ನು ಮುಟ್ಟಿ 'ಖೋ' ಅನ್ನುವವರೆಗೆ ಕೂತವಳು ಏಳಕೂಡದು. ಎದ್ದರೆ ಫೌಲು. ಬೆನ್ನಟ್ಟುವವಳಾದರೂ ಒಂದು ಕಡೆ ಹೊರಟ ಮೇಲೆ ಕಂಬ ದಾಟುವ ತನಕ ಹಿಂದಕ್ಕೆ ತಿರುಗುವಂತಿಲ್ಲ. ನಮ್ಮ ಹುಡುಗಿಯರಿಗೆ ಬೆನ್ನ ಹಿಂದಿನವಳ ಮೇಲೆ ನಂಬಿಕೆ ಇರಲಿಲ್ಲ. ಖೋ ಬರುವ ಮೊದಲೇ ಎದ್ದರು. ಸೀಟಿ ಮೇಲೆ ಸೀಟಿ ಬಿತ್ತು.

ಆ ನಂಬಿಕೆ ಪುಸ್ತಕ ಓದಿ ಬರುವುದಿಲ್ಲ. ಅದೇ ಹನ್ನೆರಡು ಮಂದಿ ಅದೇ ಅಂಗಳದಲ್ಲಿ ಒಂದು ಮಳೆಗಾಲ, ಇನ್ನೊಂದು ಮಳೆಗಾಲ ಕೂಡಿ ಆಡಿದರೆ ಮಾತ್ರ ಬರುತ್ತದೆ. 1997ರಲ್ಲಿ ಅದು ಬರತೊಡಗಿತ್ತು. ತಪ್ಪಿಸಿಕೊಂಡು ಓಡುವಾಗ ಇಬ್ಬಿಬ್ಬರ ನಡುವೆ ಹಾವಿನಂತೆ ನುಸುಳುವ ಚೈನ್ ಆಟ, ಕಂಬದ ಬಳಿ ಮೈಚಾಚಿ ಬೀಳುವ ಡೈವ್, ಎಲ್ಲವನ್ನೂ ಕಲಿತಿದ್ದರು. ಮೊಣಕೈ ತರಚಿದರೆ ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲಿ ಗೊತ್ತಾದರೆ ಆಟ ನಿಂತೀತೆಂಬ ಭಯ. ಆ ವರ್ಷ ತಾಲೂಕು ಗೆದ್ದು ಬಳ್ಳಾರಿಗೆ ಹೋದೆವು. ಜಿಲ್ಲಾ ಮಟ್ಟದಲ್ಲಿ ಒಂದು ಆಟ ಗೆದ್ದು, ಎರಡನೆಯದರಲ್ಲಿ ಸೋತೆವು. ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಅಳಲಿಲ್ಲ. ಮುಂದಿನ ವರ್ಷ ಯಾರು ಯಾವ ಚೌಕದಲ್ಲಿ ಕೂರಬೇಕೆಂದು ಊರು ಬರುವ ತನಕ ಜಗಳವಾಡಿದರು.

ಮುಂದಿನ ವರ್ಷ ಬರಲೇ ಇಲ್ಲ. 1998ರ ಜೂನಿನಲ್ಲಿ ಸ್ಟಾಫ್ ರೂಮಿನಲ್ಲಿ ಮೀಟಿಂಗ್ ಆಯಿತು. ಹಿಂದಿನ ವರ್ಷದ ಎಸ್ಸೆಸ್ಸೆಲ್ಸಿ ಫಲಿತಾಂಶ ಚೆನ್ನಾಗಿರಲಿಲ್ಲ. ಹತ್ತನೇ ಕ್ಲಾಸಿಗೆ ಬಂದ ಆ ಏಳೂ ಹುಡುಗಿಯರ ಹೆಸರನ್ನು ಆಟದಿಂದ ತೆಗೆಯಬೇಕೆಂದು ತೀರ್ಮಾನವಾಯಿತು. ಆ ಪಟ್ಟಿಗೆ ಸಹಿ ಹಾಕಿದವನು ನಾನೇ. ಒಂದು ಮಾತೂ ಎದುರಾಡಲಿಲ್ಲ. ಸಂಜೆ ಆ ಹುಡುಗಿಯರು ಅಂಗಳದ ಅಂಚಿಗೆ ಬಂದು ನಿಂತರು. ಒಬ್ಬಳು ಕೇಳಿದಳು: "ಸಾರ್, ನಾವೇನು ತಪ್ಪು ಮಾಡಿದ್ವಿ?" ಓದ್ಕೋ ಹೋಗಮ್ಮ ಅಂದೆ. ಎಂಟನೇ ಕ್ಲಾಸಿನ ಹೊಸ ಮಕ್ಕಳನ್ನು ಕೂರಿಸಿಕೊಂಡು ಕೂಡ್ಲಿಗಿಗೆ ಹೋದೆ. ಮತ್ತೆ ಖೋ ಇಲ್ಲದೆ ಎದ್ದರು, ಮತ್ತೆ ಸೀಟಿ ಬಿತ್ತು.

ಈಗ ಲೆಕ್ಕಕ್ಕೆ ಬರೋಣ. ಹೈಸ್ಕೂಲು ಇರುವುದೇ ಮೂರು ವರ್ಷ. ಮೊದಲ ವರ್ಷ ಸೋಲುವುದಕ್ಕೆ, ಎರಡನೆಯದು ಕಲಿಯುವುದಕ್ಕೆ, ಮೂರನೆಯದು ಆಡುವುದಕ್ಕೆ. ನಾವು ಆ ಮೂರನೆಯದನ್ನೇ ಕತ್ತರಿಸುತ್ತೇವೆ. ಆಮೇಲೆ ನಮ್ಮ ಕಡೆಯ ಮಕ್ಕಳು ಜಿಲ್ಲೆ ದಾಟುವುದಿಲ್ಲ, ನಮ್ಮ ಮಣ್ಣೇ ಹೀಗೆ ಎಂದು ನಿಟ್ಟುಸಿರು ಬಿಡುತ್ತೇವೆ. ಮಣ್ಣಿನ ತಪ್ಪೇನಿದೆ?

ಪರೀಕ್ಷೆ ಹತ್ತಿರವೆನ್ನುತ್ತಾರೆ. ತಾಲೂಕು, ಜಿಲ್ಲಾ ಮಟ್ಟದ ಆಟಗಳು ಆಗಸ್ಟ್, ಸೆಪ್ಟೆಂಬರಿನಲ್ಲಿ ಮುಗಿಯುತ್ತವೆ. ಪರೀಕ್ಷೆ ಮಾರ್ಚಿಗೋ ಏಪ್ರಿಲಿಗೋ. ನಡುವೆ ಆರು ತಿಂಗಳಿವೆ. ಸಂಜೆ ಒಂದು ಗಂಟೆ ಆಡಿದ ಹುಡುಗಿ ಆರು ತಿಂಗಳಲ್ಲಿ ಓದಲಾರದ್ದು ಏನಿದೆ ಎಂದು ನನಗೆ ಯಾರೂ ಹೇಳಿಲ್ಲ. ಆ ಏಳು ಮಂದಿಯಲ್ಲಿ ಮೂವರು ಫೇಲಾದರು. ಆಟ ಬಿಟ್ಟದ್ದಕ್ಕೆ ಫೇಲಾದರೆಂದು ನಾನು ಹೇಳಲಾರೆ. ಆಟ ಬಿಡಿಸಿದ್ದರಿಂದ ಪಾಸಾಗಲಿಲ್ಲ ಎಂದಂತೂ ಹೇಳಬಲ್ಲೆ.

ಪಾಲಕರ ಭಯ ಸುಳ್ಳಲ್ಲ. ಹುಡುಗಿ ಎಸ್ಸೆಸ್ಸೆಲ್ಸಿ ಫೇಲಾದರೆ ನಮ್ಮ ಹಳ್ಳಿಗಳಲ್ಲಿ ಮುಂದಿನ ಮಾತು ಮದುವೆಯದೇ. ಹೆಡ್‌ಮಾಸ್ತರರ ಭಯವೂ ಸುಳ್ಳಲ್ಲ. ಫಲಿತಾಂಶ ಕುಸಿದರೆ ಮೇಲಿನವರು ಕೇಳುವುದು ಅವರನ್ನೇ. ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಒಂದು ಮಾತು ನುಡಿಯುತ್ತಾನೆ. ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಜನ ಅದರಲ್ಲೇ ಹುಡುಕುತ್ತಾರೆ. ನಮ್ಮ ಶಾಲೆಗಳಿಗೆ ಎಸ್ಸೆಸ್ಸೆಲ್ಸಿ ಶೇಕಡಾವಾರು ಅಂಥದೇ ಕಾರಣಿಕವಾಗಿದೆ. ಆದರೆ ಮೈಲಾರದ ಕಾರಣಿಕಕ್ಕಾಗಿ ಯಾರೂ ಮಕ್ಕಳ ಕಾಲು ಕಟ್ಟುವುದಿಲ್ಲ.

2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ಭಾರತದ ಗಂಡುಮಕ್ಕಳು, ಹೆಣ್ಣುಮಕ್ಕಳು, ಎರಡೂ ತಂಡದವರು ಫೈನಲಿನಲ್ಲಿ ನೇಪಾಳವನ್ನು ಸೋಲಿಸಿದರು. ಹೆಣ್ಣುಮಕ್ಕಳ ತಂಡದಲ್ಲಿ ಟಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಹುಡುಗಿ. ಪತ್ರಿಕೆ ಓದಿ ನಮ್ಮ ಶಾಲೆಗಳಲ್ಲೂ ಹೆಮ್ಮೆಪಟ್ಟಿರಬೇಕು. ಅಂಥ ಹುಡುಗಿ ನಮ್ಮಲ್ಲೇ ಹುಟ್ಟಿದ್ದರೆ ಹತ್ತನೇ ಕ್ಲಾಸಿನಲ್ಲಿ ಅವಳನ್ನು ಏನು ಮಾಡುತ್ತಿದ್ದೆವು ಎಂದು ಒಬ್ಬರಾದರೂ ಕೇಳಿಕೊಂಡರೋ ಇಲ್ಲವೋ.

ಈ ನಡುವೆ ಗಡಿಗಳೆಲ್ಲ ಬದಲಾದವು. 1997ರಲ್ಲಿ ಹರಪನಹಳ್ಳಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು. ಕೊಟ್ಟೂರು ತಾನೇ ತಾಲೂಕಾಯಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ, ಹೊಸಪೇಟೆಯ ಜೊತೆ ನಮ್ಮ ಐದೂ ತಾಲೂಕುಗಳು ಒಂದಾದವು. ಜಿಲ್ಲಾ ಆಟಕ್ಕೆ ಈಗ ಬಳ್ಳಾರಿಗೆ ಹೋಗಬೇಕಿಲ್ಲ. ಬರೆದಿಡದ ಆ ಕಾನೂನು ಮಾತ್ರ ಎಲ್ಲ ಗಡಿ ದಾಟಿ ಉಳಿದುಕೊಂಡಿದೆ.

ನನ್ನ ಬೇಡಿಕೆ ದೊಡ್ಡದಲ್ಲ, ದುಡ್ಡು ಖರ್ಚಾಗುವಂಥದೂ ಅಲ್ಲ. ಸ್ಟೇಡಿಯಂ ಬೇಡ, ಬೂಟು ಬೇಡ. ಜಿಲ್ಲಾ ಮಟ್ಟದ ಆಟ ಮುಗಿಯುವ ತನಕ ಹತ್ತನೇ ಕ್ಲಾಸಿನ ಮಕ್ಕಳನ್ನು ಸಂಜೆ ಒಂದು ಗಂಟೆ ಅಂಗಳಕ್ಕೆ ಬಿಡಿ. ವೇಳಾಪಟ್ಟಿಯಲ್ಲಿರುವ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡಬೇಡಿ. ಇನ್ನು ಪಿ.ಟಿ. ಮೇಷ್ಟ್ರುಗಳಿಗೆ ಒಂದು ಮಾತು: ಜೂನಿನಲ್ಲಿ ಆ ಪಟ್ಟಿ ನಿಮ್ಮ ಮುಂದೆ ಬಂದಾಗ ಸಹಿ ಹಾಕಬೇಡಿ. ನಾನು ಹಾಕಿದ್ದೆ.