ಒಂದೇ ದಿನದ ಇಂಜೆಕ್ಷನ್ ಸಾಕಾ?

ತೆಕ್ಕಟ್ಟೆಯಲ್ಲಿ ಉಡುಪಿ ಬಸ್ಸು ಹತ್ತುವ ಹಿರಿಯರನ್ನು ನೋಡಿ. ಮೆಟ್ಟಿಲಿಗೆ ಕಾಲಿಡುವಾಗಲೇ ಮುಖ ಕಿವುಚಿಕೊಳ್ಳುತ್ತಾರೆ. ಮೊಣಗಂಟು ಸವೆದಿದೆ. ಗಂಟು ಬದಲಿಸಿಕೊಂಡು ಬಂದವರೂ ಈಗ ಅಪರೂಪವಲ್ಲ. ಅವರು ಊರಿಗೆ ಬಂದದ್ದೇ ಲೆಕ್ಕಾಚಾರ ಶುರು.

"ನಿಮ್ಗೆ ಎಷ್ಟ್ ದಿನ ಇಂಜೆಕ್ಷನ್ ಕೊಟ್ರ್?"

"ಒಂದೇ ದಿನ ಕಾಣಿ."

"ಅಯ್ಯೋ, ನಮ್ಮ್ ಭಾವಂಗೆ ಹತ್ತ್ ದಿನ ಕೊಟ್ಟಿದ್ರ್!"

ಒಂದು ದಿನದವರಿಗೆ ಆಸ್ಪತ್ರೆಯವರು ಮೋಸ ಮಾಡಿದರೆಂಬ ಅನುಮಾನ. ಸ್ವಾಮಿ, ಸರಿಯಾದದ್ದು ಆ ಒಂದು ದಿನದ್ದೇ.

ಈ ಔಷಧಿ ಬಂದ ಸೋಂಕನ್ನು ವಾಸಿ ಮಾಡಲಿಕ್ಕಲ್ಲ. ಗಂಟು ತೆರೆದಿರುವ ಹೊತ್ತಿನಲ್ಲಿ ಒಳಗಿಳಿಯುವ ಕ್ರಿಮಿಯನ್ನು ಅಲ್ಲೇ ಮುಗಿಸಲಿಕ್ಕೆ. ಹಾಗಾಗಿ ಕೊಯ್ಯುವ ಮೊದಲೇ ಅದು ಮೈಯಲ್ಲಿ ತುಂಬಿರಬೇಕು. ಸಾಮಾನ್ಯವಾಗಿ ಆರಿಸುವುದು ಸೆಫಾಜೋಲಿನ್ ಎಂಬ ಹಳೇ ಔಷಧಿ. ಕೊಯ್ಯುವ ಮುಂಚಿನ 1 ಗಂಟೆಯೊಳಗೆ 2 ಗ್ರಾಂ. ತೂಕ ಬಹಳ ಇದ್ದರೆ 3 ಗ್ರಾಂ. ಹೊಲಿಗೆ ಬಿದ್ದ ಮೇಲೆ ಅದರ ಕೆಲಸ ಬಹುಮಟ್ಟಿಗೆ ಮುಗಿಯಿತು. ಆಪರೇಶನ್ ಮುಗಿದ ಮೇಲೆ ಮುಂದುವರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. 24 ಗಂಟೆಯವರೆಗೆ ಕೊಡುವವರಿದ್ದಾರೆ, ಇರಲಿ. ಹತ್ತು ದಿನ ಎಂತಕ್ಕೆ? ಹೊಟ್ಟೆ ಕೆಡುವುದು, ಮದ್ದಿಗೆ ಬಗ್ಗದ ಕ್ರಿಮಿ ಬೆಳೆಯುವುದು, ಇಷ್ಟೇ ಲಾಭ.

"ಜೋರಿನದ್ದೇ ಕೊಡಿ" ಎನ್ನುವವರೂ ಕೇಳಬೇಕು. ಆಸ್ಟ್ರೇಲಿಯಾದಲ್ಲಿ 4 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಪರೀಕ್ಷೆ ಮಾಡಿದರು. ಅರ್ಧದಷ್ಟು ಮಂದಿಗೆ ಸೆಫಾಜೋಲಿನ್ ಜೊತೆ ವ್ಯಾಂಕೋಮೈಸಿನ್ನೂ ಕೊಟ್ಟರು. 2023ರಲ್ಲಿ ಬಂದ ಫಲಿತಾಂಶ: ಸೋಂಕು ಕಡಿಮೆಯಾಗಲಿಲ್ಲ. ವ್ಯಾಂಕೋಮೈಸಿನ್ ಬೇಕಾಗುವುದು ಮಾಮೂಲು ಮದ್ದಿಗೆ ಜಗ್ಗದ ಕ್ರಿಮಿ ಮೈಮೇಲೆ ಇರುವವರಿಗೆ. ಅದನ್ನು ನಿಧಾನ ಹನಿಸಬೇಕಾದ್ದರಿಂದ ಒಂದೆರಡು ಗಂಟೆ ಮುಂಚೆ ಶುರು ಮಾಡಬೇಕು.

ಇನ್ನೊಂದು ನಮ್ಮದೇ ಬಾಯಿಯ ತಪ್ಪು. "ನಂಗ್ ಪೆನ್ಸಿಲಿನ್ ಆತಿಲ್ಲ" ಎಂದುಬಿಡುತ್ತೇವೆ. ಎಂದೋ ಹೊಟ್ಟೆ ಕೆಟ್ಟಿರುತ್ತದೆ, ಅಷ್ಟೇ. ಹೀಗೆ ಹೇಳುವ 10ರಲ್ಲಿ ಸುಮಾರು 9 ಮಂದಿಗೆ ಪರೀಕ್ಷಿಸಿದರೆ ಅಲರ್ಜಿಯೇ ಇರುವುದಿಲ್ಲ. ಆ ಮಾತಿಗೆ ಹೆದರಿ ಡಾಕ್ಟರು ಸೆಫಾಜೋಲಿನ್ ಬಿಟ್ಟು ಎರಡನೇ ದರ್ಜೆಯ ಮದ್ದು ಹಿಡಿದರೆ ನಷ್ಟ ನಮಗೇ. ಉಸಿರು ಕಟ್ಟಿತ್ತೋ, ಮುಖ ಊದಿತ್ತೋ, ಎಷ್ಟು ವರ್ಷದ ಹಿಂದೆ, ಬಿಡಿಸಿ ಹೇಳಿ.

ಇಷ್ಟು ಹೇಳುವುದಕ್ಕೆ ಕಾರಣ ಉಂಟು. ಲೋಹದ ಗಂಟಿಗೆ ಕ್ರಿಮಿ ಅಂಟಿದರೆ ಮೇಲೆ ಲೋಳೆ ಪದರ ಕಟ್ಟಿಕೊಂಡು ಕೂರುತ್ತದೆ, ಮಾತ್ರೆಗೆ ಏಳುವುದಿಲ್ಲ. ಎಷ್ಟೋ ಸಲ ಹಾಕಿದ ಗಂಟನ್ನೇ ಬಿಚ್ಚಿ, ತಿಂಗಳುಗಟ್ಟಲೆ ಕಾದು, ಮತ್ತೊಂದು ಹಾಕಬೇಕು. ಅಷ್ಟು ದಿನ ಅಂಗಡಿ ನೋಡುವವರು ಯಾರು? ಗಾಯ ಕೆಂಪಾದರೆ, ಕೀವು ಬಂದರೆ ಮೆಡಿಕಲ್ ಶಾಪಿಗಲ್ಲ, ಆಪರೇಶನ್ ಮಾಡಿದ ಡಾಕ್ಟರಲ್ಲಿಗೇ ಓಡಿ.

ಕೃತಕ ಮೊಣಗಂಟಿನ ದರಕ್ಕೆ ಕೇಂದ್ರ ಸರಕಾರ 2017ರಲ್ಲಿ ಮಿತಿ ಹಾಕಿತು, ಸಂತೋಷ. ಆದರೆ ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟರೆಂದು ನಮ್ಮಲ್ಲಿ ಕೇಳುವವರೇ ಇಲ್ಲ. ಯಾವ ಮದ್ದು, ಎಷ್ಟು ಗಂಟೆಗೆ, ಕೊಯ್ದದ್ದು ಎಷ್ಟು ಗಂಟೆಗೆ, ನಿಲ್ಲಿಸಿದ್ದು ಯಾವಾಗ, ಇವಿಷ್ಟನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಆಸ್ಪತ್ರೆಯವರು ಬರೆದುಕೊಡಲಿ. ನಾಲ್ಕು ಸಾಲಿನ ಕೆಲಸ.