ನೆರಳಿಗೊಂದು ಬಿತ್ತುವಟ್ಟ

ಶಿವಮೊಗ್ಗವನ್ನು ಮಲೆನಾಡಿನ ಹೆಬ್ಬಾಗಿಲೆಂದು ಕರೆಯುವುದು ವಾಡಿಕೆ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಗಾಂಧಿಬಜಾರಿನಿಂದ ಬಸ್ಸು ನಿಲ್ದಾಣದವರೆಗೆ ನಡೆದುಬಂದವನಿಗೆ ಆ ಬಿರುದು ಪರಿಹಾಸ್ಯದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಹಗಲೆಲ್ಲ ಬಿಸಿಲನ್ನು ಹೀರಿದ ಕಾಂಕ್ರೀಟು ಇರುಳಿನಲ್ಲಿ ಅದನ್ನು ಮೆಲ್ಲಮೆಲ್ಲನೆ ಹೊರಕ್ಕೆ ಬಿಡುತ್ತದೆ. ಸೆಕೆ ಎಲ್ಲರಿಗೂ ಒಂದೇ ಎನ್ನುವವರು ತಗಡಿನ ಮಾಡಿನ ಕೆಳಗೆ ಒಂದು ರಾತ್ರಿ ಕಳೆದು ನೋಡಬೇಕು.

ಹಣವಿಲ್ಲದೆ ಹೀಗಾಯಿತೆ? ಹಾಗೆನ್ನುವಂತಿಲ್ಲ. 2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಆ ಯೋಜನೆಯಲ್ಲಿ ಒಂದೊಂದು ನಗರಕ್ಕೆ ಕೇಂದ್ರದಿಂದ 500 ಕೋಟಿ ರೂಪಾಯಿ, ರಾಜ್ಯದಿಂದ ಅಷ್ಟೇ ಮೊತ್ತ ಎಂಬುದು ಗೊತ್ತಾದ ಕ್ರಮ. 2025ರ ಮಾರ್ಚಿನಲ್ಲಿ ಯೋಜನೆ ಮುಗಿಯಿತು. ರಸ್ತೆಗಳಾದುವು, ತುಂಗೆಯ ದಡ ಸೊಗಸಾಯಿತು. ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಗುತ್ತಿಗೆಯ ಲೆಕ್ಕಕ್ಕೆ ಅಳೆಯಬಲ್ಲುದು ಮಾತ್ರ ಕಾಣುತ್ತದೆ. ಕಾಂಕ್ರೀಟನ್ನು ಅಳೆದು ಬಿಲ್ಲು ಬರೆಯಬಹುದು, ನೆಟ್ಟ ಸಸಿಗಳನ್ನೂ ಎಣಿಸಬಹುದು. ಆ ಸಸಿಗೆ ಮೂರು ಬೇಸಗೆ ನೀರೆರೆದವರ ದುಡಿಮೆಗೆ ಯಾವ ಬಾಬಿನಿಂದ ಹಣ?

ನಮ್ಮ ಹಿಂದಿನವರು ಈ ಪ್ರಶ್ನೆಯನ್ನು ಕೇಳಿಕೊಂಡಿದ್ದರು. ಶಾಸನಗಳನ್ನು ಓದಿದವರಿಗೆ 'ಬಿತ್ತುವಟ್ಟ'ವೆಂಬ ಮಾತು ಪರಿಚಿತ. ಕೆರೆಯ ಜೀರ್ಣೋದ್ಧಾರಕ್ಕೆಂದು ಬಿಟ್ಟ ಭೂಮಿ, ಅಥವಾ ಬೆಳೆಯ ಪಾಲು ಅದು. ಕೆರೆ ಕಟ್ಟಿಸಿದ ಪುಣ್ಯವನ್ನು ಕಲ್ಲಿನಲ್ಲಿ ಕೆತ್ತಿಸಿ ಅವರು ಸುಮ್ಮನಾಗಲಿಲ್ಲ. ವರ್ಷವರ್ಷವೂ ಹೂಳೆತ್ತುವವನ ಅನ್ನಕ್ಕೂ ದಾರಿಮಾಡಿದರು. ನಾವು ಕಲ್ಲಿನ ಕೆತ್ತನೆಯನ್ನು ಮಾತ್ರ ಉಳಿಸಿಕೊಂಡಿದ್ದೇವೆ, ಉದ್ಘಾಟನೆಯ ಫಲಕದ ರೂಪದಲ್ಲಿ.

ನೆರೆಯ ಭದ್ರಾವತಿಯ ಕಥೆ ಬೇರೆ. ಬೆಂಕಿಪುರವೆಂಬ ಹಳೆಯ ಹೆಸರಿನ ಆ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿತು. ಅದಕ್ಕೆ ಉರುವಲು ಮಲೆನಾಡಿನ ಮರ ಸುಟ್ಟ ಇದ್ದಲು. ಕಾಡನ್ನುಂಡ ಕಾರ್ಖಾನೆಯೇ ತನ್ನ ವಸತಿಗಳಲ್ಲಿ ನೆರಳನ್ನು ಸಾಕಿತೆಂಬುದು ವಿಚಿತ್ರವಾದರೂ ನಿಜ. ಮರವನ್ನು ನೋಡಿಕೊಳ್ಳುವ ವೆಚ್ಚ ಕಾರ್ಖಾನೆಯ ಲೆಕ್ಕದಲ್ಲಿ ಸೇರಿಹೋಗುತ್ತಿತ್ತು. ಯಾರೂ ಅರ್ಜಿ ಬರೆಯಬೇಕಾಗಿರಲಿಲ್ಲ. 2023ರ ಜನವರಿಯಲ್ಲಿ ಉಕ್ಕು ಪ್ರಾಧಿಕಾರದ ಮಂಡಳಿ ಕಾರ್ಖಾನೆಯನ್ನು ಮುಚ್ಚಲು ಒಪ್ಪಿತು. ಕಾರ್ಮಿಕರ ಹೋರಾಟದ ಬಳಿಕ ಅದೇ ವರ್ಷ ಕೆಲವು ಕೆಲಸಗಳು ಮರಳಿ ನಡೆದುವು. ಕಾರ್ಖಾನೆಯ ಭವಿಷ್ಯವನ್ನು ಕುರಿತು ಊರು ಮಾತಾಡುತ್ತದೆ. ಆ ಮರಗಳ ಒಡೆಯರು ನಾಳೆ ಯಾರೆಂದು ಮಾತ್ರ ಯಾರೂ ಕೇಳರು.

ದೊಡ್ಡ ನಿಧಿಗಳಿಲ್ಲವೆಂದಲ್ಲ. 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗೆ ರಾಜ್ಯಗಳ ವಿಪತ್ತಿನ ನಿಧಿಯಲ್ಲಿ ಶೇಕಡ 20ನ್ನು ವಿಪತ್ತಿನ ತೀವ್ರತೆಯನ್ನು ಮೊದಲೇ ತಗ್ಗಿಸುವ ಕಾರ್ಯಕ್ಕೆಂದು ವಿಂಗಡಿಸಿತು. ತತ್ತ್ವ ಸರಿಯಾದದ್ದೇ. ಆದರೆ ರಾಜಧಾನಿಯ ಖಜಾನೆಗೂ ಬೀದಿಯ ಬೇವಿನ ಗಿಡಕ್ಕೂ ನಡುವಣ ದಾರಿ ಬಲು ದೂರ. ನೆರೆ ಬಂದರೆ ಚಿತ್ರ ತೆಗೆಯಬಹುದು. ಬಿಸಿಲು ಸದ್ದಿಲ್ಲದೆ ಕೊಲ್ಲುತ್ತದೆ. 2010ರ ಮೇ ತಿಂಗಳ ಸಾವುಗಳನ್ನು ಕಂಡ ಬಳಿಕವೇ ಅಹಮದಾಬಾದು 2013ರಲ್ಲಿ ಬಿಸಿಲಿನ ಕಾರ್ಯಯೋಜನೆಯನ್ನು ರೂಪಿಸಿತು. ಮುಂದೆ ಅಲ್ಲಿನ ಬಡವರ ಮಾಡುಗಳಿಗೆ ಬಿಳಿಯ ಬಣ್ಣ ಬಳಿಯುವ ಕೆಲಸವೂ ನಡೆಯಿತು. ಬಿಳುಪು ಬಿಸಿಲನ್ನು ಹಿಂದಕ್ಕೆ ಚೆಲ್ಲುತ್ತದೆ. ಸುಣ್ಣ ಅಗ್ಗವೂ ಹೌದು. ಆದರೆ ಮಳೆಗೆ ತೊಳೆದುಹೋಗುವ ಸುಣ್ಣವನ್ನು ಮತ್ತೆ ಮತ್ತೆ ಬಳಿಯಬೇಕು. ಇಲ್ಲಿಯೂ ಬೇಕಾದುದು ದೊಡ್ಡ ಮೊತ್ತವಲ್ಲ, ತಪ್ಪದೆ ಬರುವ ಸಣ್ಣ ಮೊತ್ತ.

ನಮ್ಮ ಮನೆಕಂದಾಯದೊಡನೆ ಗ್ರಂಥಾಲಯದ ಕರವನ್ನೂ ಭಿಕ್ಷುಕರ ಕರವನ್ನೂ ತೆರುತ್ತೇವೆ. ನೆರಳಿಗೆಂದು ಹೊಸ ಕರವೊಂದನ್ನು ಹೇರಬೇಕೆಂದು ನನ್ನ ಸಲಹೆಯಲ್ಲ. ಗ್ರಂಥಾಲಯದ ಕರ ವಸೂಲಾಗಿಯೂ ಗ್ರಂಥಾಲಯಕ್ಕೆ ಮುಟ್ಟದೆಂಬ ದೂರು ಹಳೆಯದು. ಬಂದ ಕಂದಾಯದಲ್ಲಿಯೇ ಒಂದು ಸಣ್ಣ ಪಾಲನ್ನು ಆಯಾ ಬಡಾವಣೆಗೆ ಬಿಡಲಿ. ನಗರಪಾಲಿಕೆಗಳಲ್ಲಿ ವಾರ್ಡು ಸಮಿತಿ ಇರಬೇಕೆಂದು ಕಾನೂನೇ ಹೇಳುತ್ತದೆ. ಹಣ ಆ ಸಮಿತಿಯ ಕೈಗೆ ಬರಲಿ. ಬೀದಿಯ ಸ್ತ್ರೀಶಕ್ತಿ ಸಂಘದವರು ಸಸಿಗೆ ನೀರೆರೆದು, ಮಾಡಿಗೆ ಸುಣ್ಣ ಬಳಿದು ಕೂಲಿ ಪಡೆಯಲಿ. ನೆಟ್ಟ ದಿನದ ಎಣಿಕೆಗೆ ಹಣ ಸಲ್ಲದಿರಲಿ. ಮೂರನೆಯ ಬೇಸಗೆಯಲ್ಲಿ ಬದುಕುಳಿದ ಮರದ ಎಣಿಕೆಗೆ ಸಲ್ಲಲಿ. ಜನರ ಕೈಗೆ ಹಣ ಕೊಟ್ಟರೆ ಸೋರಿಹೋದೀತೆಂದು ಅಧಿಕಾರಿಗಳು ಆಕ್ಷೇಪಿಸಬಹುದು. ಬೀದಿಯ ಮರ ಬದುಕಿದೆಯೋ ಇಲ್ಲವೋ ಎಂಬುದನ್ನು ಕಡತವನ್ನು ತೆರೆಯದೆಯೇ ದಾರಿಹೋಕನೂ ಹೇಳಬಲ್ಲನು.